ದೆವ್ವದ ಉದ್ರಿ ಖಾತೆ

ಗಣಪತಿ ಕಳಿಸುವ ಹಿಂದಿನ ರಾತ್ರಿ ನಮ್ಮ ಓಣಿಗೆ ಟಿವಿ, ವಿಸಿಆರ್ ಬಾಡಿಗೆಗೆ ಬರುತ್ತಿದ್ದವು. ಎಂಬತ್ತರ ದಶಕದ ಕೊನೆಯ ಹುಬ್ಬಳ್ಳಿಯಲ್ಲಿ ಇದೇನೂ ಹೊಸದಲ್ಲ. ಮೊದಲು ಒಂದು ರಾಜಕುಮಾರ್ ಸಿನಿಮಾ, ಆಮೇಲೆ ಹಿಂದಿಯ ಹೊಡೆದಾಟದ್ದೊಂದು, ಸಣ್ಣ ಹುಡುಗರು ಮಲಗಿದರು ಅನ್ನಿಸಿದ ಮೇಲೆ ದೆವ್ವದ್ದು. ಆ ರಾತ್ರಿ ಹಾಕಿದ್ದು ರಾಮ್ಸೆ ಸಹೋದರರ ‘ಪುರಾನಾ ಮಂದಿರ್’. ಅದರ ದೆವ್ವ ಸಾಮ್ರಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಾಗಲೆಲ್ಲ ನಾವು ಹುಡುಗರು ಒಬ್ಬರ ಬೆನ್ನಿಗೊಬ್ಬರು ಮುಖ ಮರೆಸುತ್ತಿದ್ದೆವು. ಕಟ್ಟೆಯ ಮೇಲೆ ಕೌದಿ ಹೊದ್ದು ಕೂತಿದ್ದ, ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿಗೆ ಹಿಂದಿ ತಿಳಿಯುತ್ತಿರಲಿಲ್ಲ, ಹೆದರಿಕೆಯೂ ಆದಂತಿರಲಿಲ್ಲ. ಬಹಳ ಹೊತ್ತು ನೋಡಿ ಕೇಳಿದಳು: “ಅಲ್ಲೋ ತಮ್ಮಾ, ಅಷ್ಟ ಮಂದೀನ ಕೊಲ್ಲಾಕತ್ತೈತಿ. ಅದಕ್ಕ ಏನ್ ಬೇಕಾಗೇತಿ ಅಂತ ಒಬ್ಬರೂ ಕೇಳವಲ್ರಲ್ಲೋ?”

“ಅದು ಸಿನಿಮಾ ಆಯಿ.”

“ಸಿನಿಮಾ ಆದ್ರೇನಾತು, ದೆವ್ವ ಹೌದಲ್ಲೋ?”

ಆಗ ನಕ್ಕಿದ್ದೆವು. ಆಮೇಲಿನ ವರ್ಷಗಳಲ್ಲಿ ಫ್ರೆಡ್ಡಿ, ಜೇಸನ್, ಸದಾಕೊ, ನಾಗವಲ್ಲಿ ಎಲ್ಲರನ್ನೂ ನೋಡಿದ ಮೇಲೆ ನನಗನ್ನಿಸಿದ್ದು, ಭಯದ ಸಿನಿಮಾದ ಖಳರನ್ನು ಅಳೆಯಲು ಆಯಿಯ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಯಾರು ಹೆಚ್ಚು ಶಕ್ತಿವಂತರು, ಯಾರ ಕೈಯಲ್ಲಿ ಎಷ್ಟು ಹೆಣ ಬಿದ್ದವು, ಫ್ರೆಡ್ಡಿಗೂ ಜೇಸನ್‌ಗೂ ಜಗಳ ಹಚ್ಚಿದರೆ ಗೆಲ್ಲುವವರಾರು ಎಂದು ಹುಡುಗರು ವಾದ ಮಾಡುತ್ತಾರೆ. 2003ರಲ್ಲಿ ಹಾಲಿವುಡ್ ಆ ಜಗಳವನ್ನೇ ಒಂದು ಸಿನಿಮಾ ಮಾಡಿ ಮಾರಿತು. ಆದರೆ ದೆವ್ವದ ತೂಕ ಗೊತ್ತಾಗುವುದು ಅದರ ಬಲದಿಂದಲ್ಲ, ಬಾಕಿಯಿಂದ. ಅದಕ್ಕೆ ಏನು ಬರಬೇಕಾಗಿದೆ? ಯಾರಿಂದ ಬರಬೇಕಾಗಿದೆ? ಕೊಟ್ಟರೆ ಹೋಗುತ್ತದೆಯೇ?

ಈ ಪ್ರಶ್ನೆಗಳು ನಮ್ಮ ಕಡೆ ಸಿನಿಮಾಕ್ಕಿಂತ ಬಹಳ ಹಳೆಯವು. ‘ಗಾಳಿ ಬಡದೈತಿ’ ಎಂದು ಒಬ್ಬಳನ್ನು ಕರೆತಂದರೆ, ಮಂತ್ರಿಸುವವನ ಮೊದಲ ಮಾತೇ “ಯಾರ ನೀ? ಯಾಕ ಬಂದಿ? ಏನ್ ಬೇಕ ನಿನಗ?” ಬಂದದ್ದು ಸೀರೆ ಕೇಳಬಹುದು, ಎಡೆ ಕೇಳಬಹುದು, ಮಾತಿಗೆ ತಪ್ಪಿದವನ ಹೆಸರು ಹೇಳಬಹುದು. ಸತ್ತವರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟದಿದ್ದರೆ ಆಸೆ ಏನೋ ಉಳಿದಿದೆ ಎಂದೇ ಅರ್ಥ. ಮಗ ಮುಂದೆ ಬಂದು “ತಂಗಿ ಮದುವಿ ನಾ ಮಾಡತೇನಿ” ಎಂದು ಮಾತು ಕೊಡುತ್ತಾನೆ. ಕಾಗೆ ಬರುತ್ತದೆ. ವ್ಯಾಪಾರದ ಊರಾದ ಹುಬ್ಬಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ದೆವ್ವ ಉದ್ರಿ ಕೊಟ್ಟ ಸಾಹುಕಾರ. ತನಗೆ ಬರಬೇಕಾದದ್ದನ್ನು ವಸೂಲಿ ಮಾಡಲು ಬರುತ್ತದೆ, ಲೆಕ್ಕ ಚುಕ್ತಾ ಆದರೆ ಹೋಗುತ್ತದೆ.

ಆಯಿಯ ಪ್ರಶ್ನೆಯನ್ನು ಹಿಡಿದುಕೊಂಡು ಸಾಮ್ರಿಯ ಹತ್ತಿರ ಹೋದರೆ ನಿರಾಸೆ. 1984ರ ಆ ಸಿನಿಮಾದಲ್ಲಿ ರಾಜ ಅವನ ರುಂಡ, ಮುಂಡ ಬೇರೆ ಮಾಡಿ ಬೇರೆ ಬೇರೆ ಕಡೆ ಇಡಿಸುತ್ತಾನೆ. ರುಂಡ ಮತ್ತೆ ಕೂಡುವವರೆಗೆ ಆ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯಲಿ ಎಂದು ಸಾಮ್ರಿ ಶಪಿಸುತ್ತಾನೆ. ಅವನಿಗೆ ಬೇಕಾದದ್ದು ತಲೆ. ಅದು ಅಹವಾಲಲ್ಲ, ಸ್ಪೇರ್ ಪಾರ್ಟು. ಇನ್ನು ಅವನ ಸಾಲ ತೀರಿಸುವವರು ಯಾರೆಂದರೆ, ಅವನನ್ನು ಕಡಿದ ರಾಜನಲ್ಲ, ಮುಂದಿನ ತಲೆಮಾರಿನ ಬಸುರಿಯರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಲಿವುಡ್ಡಿನ ದೊಡ್ಡ ಹೆಸರುಗಳ ಕತೆ ಇಷ್ಟು ಸರಳವಲ್ಲ. ‘ಪಶ್ಚಿಮದ ದೆವ್ವ ಸುಮ್ಮನೆ ಕೊಲ್ಲುತ್ತದೆ, ನಮ್ಮದು ನ್ಯಾಯ ಕೇಳುತ್ತದೆ’ ಎಂದು ಎದೆ ಉಬ್ಬಿಸುವುದು ಸುಲಭ, ಆದರೆ ಅದು ಸುಳ್ಳು. 1984ರಲ್ಲೇ ವೆಸ್ ಕ್ರೇವನ್ ತೆರೆಗೆ ತಂದ ಫ್ರೆಡ್ಡಿ ಕ್ರೂಗರ್‌ನನ್ನು ನೋಡಿ. ಬೆರಳುಗಳಿಗೆ ಚಾಕು ಕಟ್ಟಿದ ಕೈಗವಸು, ಕೆಂಪು ಹಸಿರು ಪಟ್ಟೆಯ ಸ್ವೆಟರು, ಸುಟ್ಟ ಮುಖ, ಕೊಲ್ಲುವುದು ನಿದ್ದೆಯಲ್ಲಿ. ಅವನ ಹಿಂದಿರುವುದು ಒಂದು ಕೋರ್ಟಿನ ಕತೆ. ಮಕ್ಕಳನ್ನು ಕೊಂದವನು ಸಿಕ್ಕಿಬಿದ್ದ. ಶೋಧನೆಯ ವಾರಂಟಿನಲ್ಲಿ ಸಹಿ ಬೀಳಬೇಕಾದ ಕಡೆ ಬಿದ್ದಿರಲಿಲ್ಲವೆಂದು ಬಿಡುಗಡೆಯಾದ. ಸಿಟ್ಟಿಗೆದ್ದ ತಂದೆತಾಯಿಗಳೇ ಅವನನ್ನು ಸುಟ್ಟರು, ಸುಟ್ಟದ್ದನ್ನು ಮುಚ್ಚಿಟ್ಟರು. ಈಗ ಅವರ ಮಕ್ಕಳ ಕನಸಿಗೆ ಅವನು ಬರುತ್ತಾನೆ. ಕಾನೂನು ಕೈಕೊಟ್ಟ ಜಾಗದಲ್ಲಿ ಓಣಿಯ ಜನರೇ ನ್ಯಾಯ ಮಾಡಿದರೆ, ಅದರ ಗುಟ್ಟು ಮಕ್ಕಳ ನಿದ್ದೆ ಕೆಡಿಸುತ್ತದೆ ಎಂಬ ಮಾತು ಅದರಲ್ಲಿದೆ.

ಜೇಸನ್ ವೂರ್ಹೀಸ್‌ನದೂ ಹಾಗೆಯೇ. ‘ಫ್ರೈಡೇ ದ ಥರ್ಟೀನ್ತ್’ನ 1980ರ ಮೊದಲ ಸಿನಿಮಾದಲ್ಲಿ ಕೊಲೆಗಾರ ಅವನಲ್ಲ, ಅವನ ತಾಯಿ. ಬೇಸಿಗೆ ಶಿಬಿರದಲ್ಲಿ ನೋಡಿಕೊಳ್ಳಬೇಕಾದವರು ಮೈಮರೆತದ್ದರಿಂದ ಮಗ ಕೆರೆಯಲ್ಲಿ ಮುಳುಗಿದನೆಂಬುದು ಆ ತಾಯಿಯ ಸಂಕಟ. ಹುಬ್ಬಳ್ಳಿಯ ಯಾವ ತಾಯಿಗೂ ಅರ್ಥವಾಗುವ ಸಂಕಟ. ಎರಡನೆಯ ಭಾಗಕ್ಕೆ ಮಗ ತಾನೇ ಎದ್ದುಬಂದ. ಮೂರನೆಯದರಲ್ಲಿ, ಅಂದರೆ 1982ರಲ್ಲಿ, ಅವನಿಗೆ ಹಾಕಿ ಆಟಗಾರರ ಮುಖವಾಡ ಸಿಕ್ಕಿತು. 1986ರ ಆರನೆಯದರಲ್ಲಿ ಸಿಡಿಲು ಬಡಿದು ಗೋರಿಯಿಂದಲೇ ಎದ್ದ. ಮುಂದೆ ನ್ಯೂಯಾರ್ಕ್ ಕಂಡ, ಬಾಹ್ಯಾಕಾಶವನ್ನೂ ಕಂಡ. ಮುಖವಾಡ ಬಂತು, ತಾಯಿ ಹೋದಳು. ಅಹವಾಲಿದ್ದ ಜಾಗಕ್ಕೆ ಗುರುತಿನ ಚಿಹ್ನೆ ಬಂದು ಕೂತಿತು.

ಇಲ್ಲಿಯೇ ನನ್ನ ವಾದದ ತಿರುಳಿದೆ. ವ್ಯತ್ಯಾಸ ಇರುವುದು ಪೂರ್ವಕ್ಕೂ ಪಶ್ಚಿಮಕ್ಕೂ ಅಲ್ಲ, ಮೊದಲ ಭಾಗಕ್ಕೂ ಹತ್ತನೆಯ ಭಾಗಕ್ಕೂ. ದೆವ್ವದ ಬಾಕಿ ತೀರಿದರೆ ಕತೆ ಮುಗಿಯುತ್ತದೆ, ಕತೆ ಮುಗಿದರೆ ಗಲ್ಲಾ ಮುಚ್ಚುತ್ತದೆ. ಆದ್ದರಿಂದ ಬಾಕಿ ತೀರಲೇಬಾರದು. ತೀರದಂತೆ ನೋಡಿಕೊಳ್ಳುವ ಸುಲಭದ ದಾರಿಯೆಂದರೆ ಬಾಕಿ ಏನಿತ್ತೆಂಬುದನ್ನೇ ಮರೆಸಿಬಿಡುವುದು. ‘ಹ್ಯಾಲೋವೀನ್’ ಸರಣಿಯ ಮೈಕಲ್ ಮೈಯರ್ಸ್‌ನನ್ನು 1978ರಲ್ಲಿ ಜಾನ್ ಕಾರ್ಪೆಂಟರ್ ಕಾರಣವೇ ಇಲ್ಲದವನನ್ನಾಗಿ ಮಾಡಿದ್ದ. ಪಾತ್ರವರ್ಗದ ಪಟ್ಟಿಯಲ್ಲಿ ಮುಖವಾಡದ ಅವನಿಗೆ ಹೆಸರೂ ಇರಲಿಲ್ಲ, ‘ಆಕೃತಿ’ ಎಂಬರ್ಥದ ಒಂದು ಪದವಿತ್ತು. 1981ರ ಎರಡನೆಯ ಭಾಗ ಅವನು ಬೆನ್ನಟ್ಟುವ ಹುಡುಗಿ ಅವನ ತಂಗಿಯೇ ಎಂದಿತು. 2018ರ ಸಿನಿಮಾ ಆ ತಂಗಿಯ ಮಾತನ್ನು ಅಳಿಸಿಹಾಕಿತು. ಕಾರಣವನ್ನು ಅಂಗಿಯ ಹಾಗೆ ತೊಡಿಸುವುದು, ಬಿಚ್ಚುವುದು. ಹೀಗೆ ‘ಹ್ಯಾಲೋವೀನ್’ 13 ಸಿನಿಮಾ ಆಯಿತು, ಜೇಸನ್ 12, ಫ್ರೆಡ್ಡಿ 9.

ಜಪಾನಿನ ಸದಾಕೊ ಈ ಲೆಕ್ಕವನ್ನು ಗೊತ್ತಿದ್ದೇ ಕೆಡಿಸಿದವಳು. ಕೋಜಿ ಸುಜುಕಿಯ ಕಾದಂಬರಿಯಿಂದ ಹಿಡೆಯೊ ನಕಾತಾ 1998ರಲ್ಲಿ ಮಾಡಿದ ‘ರಿಂಗು’ ಸಿನಿಮಾದಲ್ಲಿ, ಒಂದು ವಿಡಿಯೊ ಕ್ಯಾಸೆಟ್ ನೋಡಿದವರು ಏಳು ದಿನದಲ್ಲಿ ಸಾಯುತ್ತಾರೆ. ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ತಂದೆಯೇ ಹೊಡೆದು ಬಾವಿಗೆ ನೂಕಿದ ಮಗಳು. ಪತ್ರಕರ್ತೆ ಬಾವಿಗಿಳಿದು ಅವಳ ಎಲುಬುಗಳನ್ನು ಎದೆಗವಚಿ ಹಿಡಿಯುತ್ತಾಳೆ. ನಮ್ಮ ಕಡೆಯ ಯಾವ ಪ್ರೇಕ್ಷಕನೂ ಅಲ್ಲಿ ನಿಟ್ಟುಸಿರು ಬಿಡುತ್ತಾನೆ. ಸಂಸ್ಕಾರ ಆಯಿತು, ಇನ್ನು ಹೋಗುತ್ತಾಳೆ ಎಂದು. ಅವಳು ಹೋಗುವುದಿಲ್ಲ. ಮರುದಿನ ಟಿವಿಯೊಳಗಿನಿಂದಲೇ ತೆವಳಿಕೊಂಡು ಬರುತ್ತಾಳೆ. ಉಳಿಯುವ ದಾರಿ ಒಂದೇ, ಕ್ಯಾಸೆಟ್ಟಿನ ನಕಲು ಮಾಡಿ ಇನ್ನೊಬ್ಬರಿಗೆ ತೋರಿಸುವುದು. ಅಂದರೆ ಸಾಲ ತೀರುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ. ಸರಣಿ ಸಿನಿಮಾದ ವ್ಯಾಪಾರ ಹೇಗೆ ನಡೆಯುತ್ತದೆಂದು ಇಷ್ಟು ಸ್ಪಷ್ಟವಾಗಿ ಬೇರಾವ ದೆವ್ವವೂ ಹೇಳಿಲ್ಲ.

ನಮ್ಮಲ್ಲೂ ಇದಕ್ಕೊಂದು ಸೂತ್ರವಿದೆ, ಎರಡೇ ಪದದ್ದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಒಂದು ಹೆಣ್ಣುದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಸಾವು, ಬರಹ ಓದಿದರೆ ವಾಪಸು ಹೋಗಿ ಮರುದಿನ ಬರುತ್ತದೆ ಎಂಬ ಸುದ್ದಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನೋಡಿದವರಿಗೆ ಈ ಉಪಾಯ ಹೊಸದಲ್ಲ. ಇನ್ನೂ ಒಂದು ಕಡೆ ಈ ಮಾತು ಕೇಳುತ್ತೇವೆ. ಉತಾರ ಕೇಳಲು, ವಿಧವಾ ವೇತನ ಕೇಳಲು ಹೋದ ಹೆಂಗಸಿಗೆ ಕಚೇರಿಯ ಕಿಟಕಿಯಿಂದ ಬರುವ ಉತ್ತರವೂ ‘ನಾಳಿ ಬಾ’ ಎಂದೇ. ಕೇಳಲು ಬಂದವಳಿಗೆ ಇಲ್ಲ ಎನ್ನುವುದೂ ಇಲ್ಲ, ಕೊಡುವುದೂ ಇಲ್ಲ. ಹೀಗೆ ಹೇಳಿಸಿಕೊಂಡವಳು ಮರುದಿನ ಮತ್ತೆ ಬರದೆ ಏನು ಮಾಡಿಯಾಳು? 2018ರ ಹಿಂದಿ ಸಿನಿಮಾ ‘ಸ್ತ್ರೀ’ ಇದೇ ಬರಹವನ್ನು ಚಂದೇರಿಯ ಗೋಡೆಗಳಿಗೆ ಒಯ್ದಿತು. ಅದರ ಜಾಣತನವಿರುವುದು ಕೊನೆಯಲ್ಲಿ. ಊರವರು ‘ನಾಳೆ ಬಾ’ ಅಳಿಸಿ, ನಮ್ಮನ್ನು ಕಾಪಾಡು ಎಂದು ಬರೆಯುತ್ತಾರೆ.

ಈಗ ನಾಗವಲ್ಲಿಗೆ ಬರೋಣ. ಕನ್ನಡ ಸಿನಿಮಾದಲ್ಲಿ ದೆವ್ವವೆಂದರೆ ಹೆಸರು ಹಿಡಿದು ನೆನಪಾಗುವುದು ಇವಳೊಬ್ಬಳೇ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬಂದ ಹೆಣ್ಣಿನ ಆತ್ಮ ನಮ್ಮ ಹಿರಿಯರ ಮೈ ನಡುಗಿಸಿತ್ತು, ಆ ಸಿನಿಮಾದ ಹೆಸರೇ ವಸೂಲಿಗೆ ಬಂದವರು ಆಡುವ ಮಾತು. ಆದರೆ ಬಚ್ಚಲಮನೆಯ ಕನ್ನಡಿ ಮುಂದೆ ಮಕ್ಕಳು ಕಣ್ಣರಳಿಸಿ ‘ರಾ ರಾ’ ಎಂದು ಕುಣಿದದ್ದು 2004ರ ‘ಆಪ್ತಮಿತ್ರ’ದ ನಂತರವೇ. ಈ ಕತೆ ಹುಟ್ಟಿದ್ದು ಮಲಯಾಳದಲ್ಲಿ, ಮಧು ಮುಟ್ಟಂ ಬರೆದು ಫಾಝಿಲ್ ನಿರ್ದೇಶಿಸಿದ 1993ರ ‘ಮಣಿಚಿತ್ರತಾಳ್’ನಲ್ಲಿ. ಕನ್ನಡಕ್ಕೆ ತಂದವರು ಪಿ. ವಾಸು. ಮುಂದಿನ ವರ್ಷವೇ ಅದು ತಮಿಳಿನ ‘ಚಂದ್ರಮುಖಿ’ ಆಯಿತು, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಲಯಾಳದ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ಕನ್ನಡದವಳು ತೆಲುಗು. ತಮಿಳಿನ ಚಂದ್ರಮುಖಿಯೂ ತೆಲುಗು. ಹಿಂದಿಯ ಮಂಜುಲಿಕಾ ಬಂಗಾಳಿ. ದೆವ್ವದ ಬಾಯಲ್ಲಿ ಯಾವಾಗಲೂ ಪಕ್ಕದವರ ಭಾಷೆ. ಎಲ್ಲ ಕತೆಯಲ್ಲೂ ಆಕೆ ಹೊರನಾಡಿನಿಂದ ಅರಮನೆಗೆ ತಂದ ನರ್ತಕಿ. ಅವಳು ಒಲಿದದ್ದು ಇನ್ನೊಬ್ಬನಿಗೆ. ಅದಕ್ಕಾಗಿ ಅವಳನ್ನು ಮುಗಿಸಿದ್ದು ಅರಮನೆ. ಊರೂ ತನ್ನದಲ್ಲ, ಭಾಷೆಯೂ ತನ್ನದಲ್ಲ, ನಾಲ್ಕು ಜನ ಬಂಧುಗಳೂ ಇಲ್ಲ. ಇಂಥವಳ ದೂರನ್ನು ಬರೆದುಕೊಳ್ಳುವವರು ಯಾರು? ಮರಾಠಿ, ಉರ್ದು, ಕೊಂಕಣಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮೂರಲ್ಲಿ ಕೂತು ನೋಡಿದಾಗ ನನಗೆ ‘ರಾ ರಾ’ ಹಾಡು ಹೆದರಿಕೆಗಿಂತ ಹೆಚ್ಚಾಗಿ, ತಿಳಿಯದ ಭಾಷೆಯಲ್ಲಿ ಬಿಕ್ಕಿದಂತೆ ಕೇಳಿತ್ತು.

‘ಆಪ್ತಮಿತ್ರ’ದ ದೊಡ್ಡತನವಿರುವುದು ಅದರ ಪರಿಹಾರದಲ್ಲಿ. ದೆವ್ವ ಇಲ್ಲ, ನಾಗವಲ್ಲಿ ಮೈಮೇಲೆ ಬಂದಂತೆ ಆಡುವ ಗಂಗಾಳ ಮನಸ್ಸು ಕಾಯಿಲೆ ಬಿದ್ದಿದೆ ಎಂದು ಹೇಳುವವನು ಮನೋವೈದ್ಯ ವಿಜಯ್. ಹಾಗೆಂದು ಅವನು ಗುಳಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಆಚಾರ್ಯರನ್ನು ಜೊತೆಗಿಟ್ಟುಕೊಂಡು ಆಯಿಯ ಪ್ರಶ್ನೆಯನ್ನೇ ಕೇಳುತ್ತಾನೆ. ಏನು ಬೇಕು? ರಾಜನ ತಲೆ ಬೇಕು. ಸರಿ, ತಗೋ. ರಾಜನ ಜಾಗದಲ್ಲಿ ಬೊಂಬೆ ಇಟ್ಟು ಅವಳ ಕೈಯಿಂದಲೇ ಸೇಡು ತೀರಿಸುತ್ತಾರೆ. ಸೇಡು ಸುಳ್ಳು, ತೀರಿದ ಸಮಾಧಾನ ನಿಜ. ಬಾಕಿಯನ್ನು ಒಪ್ಪಿಕೊಂಡದ್ದರಿಂದ ಗಂಗಾ ಗುಣವಾಗುತ್ತಾಳೆ. ಧಾರವಾಡದ ಬೆಳಗಾವಿ ರಸ್ತೆಯಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆಯಿದೆ, ಈಗಿನ ಹೆಸರು ಡಿಮ್ಹಾನ್ಸ್. ‘ನಿನ್ನ ಧಾರವಾಡಕ್ಕ ಒಯ್ಯಬೇಕ ನೋಡು’ ಎಂಬುದು ನಮ್ಮ ಕಡೆ ತಲೆ ಕೆಟ್ಟವರಿಗೆ ಹೇಳುವ ಚಾಷ್ಟಿಯ ಮಾತು. ಆ ಸಿನಿಮಾ ಮಾಡಿದ್ದೇನೆಂದರೆ, ಮಂತ್ರಿಸುವ ದೇವಋಷಿಯ ಕಟ್ಟೆಯನ್ನೂ ಧಾರವಾಡದ ಆಸ್ಪತ್ರೆಯನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಎರಡರಲ್ಲೂ ಕೇಳಿಸಿಕೊಳ್ಳುವುದೇ ಮದ್ದು ಎಂದು ತೋರಿಸಿದ್ದು.

ಖಾತೆ ಚುಕ್ತಾ ಆಯಿತು. ಆದರೆ ಗಲ್ಲಾ ಮುಚ್ಚುವವರಾರು? 2010ರಲ್ಲಿ ‘ಆಪ್ತರಕ್ಷಕ’ ಬಂತು. ಮೊದಲ ಸಿನಿಮಾ ದೆವ್ವವಿಲ್ಲ ಎಂದಿದ್ದರೆ ಇದರಲ್ಲಿ ನಾಗವಲ್ಲಿ ನಿಜಕ್ಕೂ ಇದ್ದಾಳೆ. ನೂರು ದಾಟಿದ ರಾಜ ವಿಜಯ ರಾಜೇಂದ್ರ ಬಹಾದ್ದೂರನೂ ಜೀವ ಹಿಡಿದುಕೊಂಡಿದ್ದಾನೆ. ಹಿಂದಿಯಲ್ಲೂ ಅಷ್ಟೇ, 2007ರಲ್ಲಿ ಕಾಯಿಲೆಯಾಗಿದ್ದದ್ದು 2022ರ ಎರಡನೆಯ ಭಾಗಕ್ಕೆ ನಿಜವಾದ ದೆವ್ವವಾಯಿತು. ಗುಣವಾದ ಕಾಯಿಲೆಯನ್ನು ಎರಡನೆಯ ಸಲ ಮಾರಲು ಬರುವುದಿಲ್ಲ, ದೆವ್ವವನ್ನು ಎಷ್ಟು ಸಲವಾದರೂ ಮಾರಬಹುದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎರಡನೆಯ ಭಾಗಗಳು ಕಳೆದುಕೊಂಡಷ್ಟೇ ಕೊಟ್ಟದ್ದೂ ಇದೆ. ‘ಆಪ್ತರಕ್ಷಕ’ದಲ್ಲಿ ರಾಜ ಗೋಡೆಯ ಪಟದಿಂದ ಕೆಳಗಿಳಿದು ನಿಜವಾದ ಖಳನಾಗಿ ನಿಲ್ಲುತ್ತಾನೆ. 2024ರ ‘ಸ್ತ್ರೀ 2’ರಲ್ಲೂ ಹೊಸ ಖಳ ಬೇರಾರೂ ಅಲ್ಲ, ಮೊದಲ ಭಾಗದ ಹೆಣ್ಣನ್ನು ಕೊಂದವನೇ, ತಲೆಯಿಲ್ಲದ ಸರ್ಕಟಾ. ಇಷ್ಟು ದಿನ ನಾವು ಹೆದರಿದ್ದು ಕೊಲೆಯಾದವಳಿಗೆ, ಕೊಂದವನಿಗಲ್ಲ ಎಂದು ಈ ಸಿನಿಮಾಗಳು ತಡವಾಗಿಯಾದರೂ ಒಪ್ಪಿಕೊಂಡವು. ‘ಆಪ್ತರಕ್ಷಕ’ದಲ್ಲಿ ಗುಣಪಡಿಸುವ ವೈದ್ಯ, ಕೊಂದ ರಾಜ ಇಬ್ಬರಿಗೂ ಒಂದೇ ಮುಖ, ವಿಷ್ಣುವರ್ಧನ್ ಅವರದು. ಬೇಕೆಂದು ಮಾಡಿದರೋ ನಟನ ಆಕರ್ಷಣೆಗೆ ಮಾಡಿದರೋ, ನೋಡುವವನಿಗೆ ಅದರಲ್ಲೊಂದು ಚುಚ್ಚುವ ಅರ್ಥವಿದೆ.

ಜನ ಮಾತ್ರ ಆ ಅರ್ಥದ ಕಡೆ ಹೋಗಲಿಲ್ಲ. ಗಂಗಾಳಾಗಿ ನಟಿಸಿದ ಸೌಂದರ್ಯ ‘ಆಪ್ತಮಿತ್ರ’ ಬಿಡುಗಡೆಗೆ ಮೊದಲೇ, 2004ರ ಏಪ್ರಿಲ್ 17ರಂದು, ಜಕ್ಕೂರಿನಿಂದ ಹಾರಿದ ಸಣ್ಣ ವಿಮಾನ ಬಿದ್ದು ತೀರಿಹೋದರು. ವಿಷ್ಣುವರ್ಧನ್ ‘ಆಪ್ತರಕ್ಷಕ’ದ ಬಿಡುಗಡೆಗೆ ಮೊದಲು, 2009ರ ಡಿಸೆಂಬರ್ 30ರಂದು. ಎರಡೂ ಸಾವನ್ನು ಗಂಟು ಹಾಕಿ ‘ನಾಗವಲ್ಲಿ ಶಾಪ’ ಎಂದು ಊರೂರಲ್ಲಿ ಮಾತಾಡಿದರು. ಮಲಯಾಳಿ ಲೇಖಕನೊಬ್ಬ ಕಾಗದದ ಮೇಲೆ ಹುಟ್ಟಿಸಿದ ಹೆಣ್ಣು, ಮೊದಲ ಕತೆಯೊಳಗೂ ಕಾಯಿಲೆ ಎಂದೇ ತೀರ್ಮಾನವಾದವಳು, ಕನ್ನಡದ ಇಬ್ಬರು ಕಲಾವಿದರ ಸಾವಿಗೆ ಹೊಣೆಯಾದಳು. ಅನ್ಯಾಯವಾಗಿ ಕೊಲೆಯಾದವಳನ್ನೇ ಮತ್ತೆ ಕೊಲೆಗಾತಿ ಮಾಡುವುದಕ್ಕೆ ನಮಗೆ ಸಿನಿಮಾದವರ ಸಹಾಯವೂ ಬೇಡ.

ಅಹವಾಲನ್ನು ಕೈಬಿಡದೆ ಹೊಸ ದೆವ್ವ ಮಾಡಲು ಬರುವುದಿಲ್ಲವೇ? ಬರುತ್ತದೆ. ಪವನ್ ಕುಮಾರ್ ಅವರ 2016ರ ‘ಯು ಟರ್ನ್’ನಲ್ಲಿ ದೆವ್ವ ಬಂಗಲೆ ಬಿಟ್ಟು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬಂದು ನಿಂತಿತು. ಅರ್ಧ ಕಿಲೋಮೀಟರ್ ಉಳಿಸಲು ವಿಭಜಕದ ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗುವವರು, ಆ ಕಲ್ಲಿನಿಂದ ಸತ್ತ ತಾಯಿ ಮಗಳು. ಗದೆಯಿಲ್ಲ, ಕೆಂಡದ ಕಣ್ಣಿಲ್ಲ. ಹುಬ್ಬಳ್ಳಿ, ಧಾರವಾಡದ ನಡುವೆ ದಿನವೂ ಬೈಕಿನಲ್ಲಿ ಓಡಾಡುವವರ ಎದೆಗೆ ನೇರ ತಾಗುವ ಅಹವಾಲು ಅದು, ಕಲ್ಲು ಸರಿಸಿದ ಕೈ ನಮ್ಮದೂ ಇರಬಹುದು. ಆ ಸಿನಿಮಾ ನೋಡಿದ ಮೇಲೆ ಕತ್ತಲಿಗೆ ಹೆದರಲಿಲ್ಲ, ವಾರಗಟ್ಟಲೆ ಅಡ್ಡ ತಿರುವಿಗೆ ಹೆದರಿದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ನನ್ನ ಅಂಗಿ ಹಿಡಿದು ಕೇಳಬಹುದು: ‘ಕೇಳುವ ಪದ್ಧತಿ’ಯನ್ನು ಇಷ್ಟು ಹೊಗಳುತ್ತೀರಲ್ಲ, ಆ ಕಟ್ಟೆಗಳ ಮೇಲೆ ನಡೆಯುವುದನ್ನು ಕಂಡಿದ್ದೀರಾ? ಕಂಡಿದ್ದೇನೆ. ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ, ಕೂದಲು ಹಿಡಿದು ಎಳೆದಾಟ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ ನಿಲ್ಲಿಸಲು ಕರ್ನಾಟಕ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಬೇಕಾಯಿತು, ಅದು ಜಾರಿಗೆ ಬಂದದ್ದು 2020ರಲ್ಲಿ. ಏಟಿಗಿಂತ ಆಳವಾದ ತಪ್ಪು ಇನ್ನೊಂದಿದೆ. ‘ಏನ್ ಬೇಕ ನಿನಗ?’ ಎಂಬ ಪ್ರಶ್ನೆ ಹೋಗುವುದು ದೆವ್ವಕ್ಕೆ, ಎದುರು ಕೂತ ಸೊಸೆಗಲ್ಲ. ಅವಳು ‘ನನಗ ತವರಿಗೆ ಹೋಗಬೇಕು’ ಎಂದರೆ ಸೊಕ್ಕು; ಅವಳ ಮೈಮೇಲೆ ಬಂದದ್ದು ಅದೇ ಮಾತು ಹೇಳಿದರೆ ಗಾಡಿ ಕಟ್ಟುತ್ತಾರೆ. ಗಂಗಾಳಿಗೂ ನಾಗವಲ್ಲಿ ಬೇಕಾಗಿದ್ದದ್ದು ಅದಕ್ಕೇ. ಸತ್ತವರ ಬಾಕಿಗೆ ಇರುವ ಕಿವಿ ಬದುಕಿದ್ದವರ ಬಾಕಿಗೆ ಇಲ್ಲದಿರುವುದರಿಂದಲೇ ನಮ್ಮ ದೆವ್ವಗಳಲ್ಲಿ ಇಷ್ಟೊಂದು ಹೆಂಗಸರಿದ್ದಾರೆ. ಸಾಮ್ರಿಯ ಸಾಲವನ್ನು ಬಸುರಿಯರು ತೀರಿಸಿದ್ದೂ ಇದೇ ಲೆಕ್ಕದ ಇನ್ನೊಂದು ಪುಟ.

ಆದ್ದರಿಂದ ಫ್ರೆಡ್ಡಿ ದೊಡ್ಡವನೋ ನಾಗವಲ್ಲಿ ದೊಡ್ಡವಳೋ ಎಂದು ಕೇಳಿದರೆ ನನ್ನ ಉತ್ತರ, ಎಷ್ಟನೆಯ ಭಾಗ ಎಂಬುದರ ಮೇಲಿದೆ. ಅಹವಾಲು ಜೀವಂತವಿರುವವರೆಗೆ ಎಲ್ಲ ದೆವ್ವವೂ ನಮ್ಮದೇ ಯಾವುದೋ ತಪ್ಪನ್ನು ತೋರಿಸುತ್ತದೆ. ಅಹವಾಲು ಸತ್ತ ಮೇಲೆ ಉಳಿಯುವುದು ಮುಖವಾಡ, ಕೈಗವಸು, ಕೂದಲು ಇಳಿಬಿಟ್ಟ ಬೊಂಬೆ. ಮಾಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತ ನೋಡಿ, ಹೊರಗೆ ಬಂದು ಗಿರಮಿಟ್ ತಿನ್ನುವುದರೊಳಗೆ ಮರೆಯಬಹುದು.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಅವಳಿಗೆ ಎಡೆ ಇಟ್ಟ ದಿನ ಕಾಗೆ ಬರಲಿಲ್ಲ. ಬೇಲಿಯ ಮೇಲೆ ಎರಡು ಕೂತಿದ್ದವು, ಇಳಿಯಲಿಲ್ಲ. ಕಾಕಾ ಮುಂದೆ ಹೋಗಿ “ಮನಿ ಮಾರಂಗಿಲ್ಲವಾ” ಎಂದ. ಇಳಿಯಲಿಲ್ಲ. ಅಪ್ಪ “ಸಣ್ಣಾಕಿ ಬಾಣಂತನ ನಾವ ಮಾಡತೇವಿ” ಎಂದ. ಇಳಿಯಲಿಲ್ಲ. ಬಿಸಿಲೇರಿತು. ಪೂಜೆಗೆ ಬಂದವರು “ಅವರಿಗೆ ಏನರೆ ಆಸೆ ಇತ್ತೇನ್ರಿ? ನೆಪ್ಪ ಮಾಡ್ರಿ” ಎಂದರು. ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಎಂಬತ್ತೆರಡು ವರ್ಷದ ಹೆಂಗಸಿಗೆ ಏನು ಬೇಕಾಗಿತ್ತೆಂದು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಎಡೆಯನ್ನು ಆಕಳಿಗೆ ಹಾಕಿ ಮನೆಗೆ ಬಂದೆವು.